ಹಳೆಯ ಚಾಸಿಯೋ, ಹೊಸ ಉಕ್ಕೋ?

ಹೋದ ದೀಪಾವಳಿಯ ಮಾರನೆಯ ದಿನ ಬೆಳಗ್ಗೆ ಕ್ಯಾಲಿಫೋರ್ನಿಯದಲ್ಲಿರುವ ನನ್ನ ತಂಗಿಯ ಮಗ ನನಗೊಂದು ಚಿತ್ರ ಕಳುಹಿಸಿದ. ಹಬ್ಬದ ಚಿತ್ರವಿರಬೇಕೆಂದು ಮನೆಮಂದಿಯೆಲ್ಲ ಕನ್ನಡಕ ಹುಡುಕಿಕೊಂಡು ಬಂದೆವು. ನೋಡಿದರೆ ತುಕ್ಕು ಹಿಡಿದ ಎರಡು ಉದ್ದನೆಯ ತೊಲೆಗಳು, ಅವುಗಳ ನಡುವೆ ಮೂರು ಅಡ್ಡತೊಲೆಗಳು, ಸುತ್ತ ಒಣಹುಲ್ಲು. ನನ್ನಾಕೆ ನೋಡಿ, “ಯಾರ ಮನೆಯ ಮಂಚ ಮುರಿಯಿತು?” ಎಂದಳು. ಚಿತ್ರದ ಕೆಳಗೆ ಒಂದೇ ಸಾಲಿತ್ತು: “ಮಾವ, ಇದನ್ನೇ ಇಟ್ಟುಕೊಳ್ಳಲೇ, ಹೊಸ ಉಕ್ಕು ತರಲೇ?”

ಅದು ಮಂಚವಲ್ಲ, ೧೯೨೯ನೆಯ ಇಸವಿಯ ಫೋರ್ಡ್ ಕಾರೊಂದರ ಚಾಸಿ. ಮೋಟಾರು ಕಾರಿನ ಬಣ್ಣ, ಬಾಗಿಲು, ಗಾಜು, ಸೀಟುಗಳನ್ನೆಲ್ಲ ಬಿಚ್ಚಿ ತೆಗೆದಮೇಲೆ ಕೊನೆಗೆ ಉಳಿಯುವ ಅಸ್ಥಿಪಂಜರ. ಎಂಜಿನ್ನು ಅದರ ಮೇಲೆ ಕೂರುತ್ತದೆ. ಸ್ಪ್ರಿಂಗುಗಳು ಅದಕ್ಕೆ ತಗುಲಿಕೊಳ್ಳುತ್ತವೆ. ನಾವು ನೀವು ಕೂರುವುದೂ ಕಡೆಗೆ ಅದರ ಮೇಲೆಯೇ. ನನ್ನ ಸೋದರಳಿಯ ಇದನ್ನಿಟ್ಟುಕೊಂಡು ಒಂದು ‘ಹಾಟ್ ರಾಡ್’ ಕಟ್ಟಲು ಹೊರಟಿದ್ದಾನೆ. ಅವನ ಪ್ರಶ್ನೆ ಒಂದು ಸಾಲಿನದಾದರೂ ಉತ್ತರ ಬರೆಯಲು ನನಗೆ ಮೂರು ವಾರ ಹಿಡಿಯಿತು. ಆ ಉತ್ತರವನ್ನೇ ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇನೆ.

ಹಾಟ್ ರಾಡ್ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಹೆನ್ರಿ ಫೋರ್ಡನ ಕಾರ್ಖಾನೆ ೧೯೦೮ರಿಂದ ೧೯೨೭ರವರೆಗೆ ಮಾಡೆಲ್ ಟಿ ಎಂಬ ಕಾರನ್ನು ಒಂದೂವರೆ ಕೋಟಿಗೂ ಹೆಚ್ಚು ತಯಾರಿಸಿತು. ಅದರ ಹಿಂದೆಯೇ ಬಂದ ಮಾಡೆಲ್ ಎ, ೧೯೩೧ರ ವೇಳೆಗೆ ಸುಮಾರು ನಲವತ್ತೆಂಟು ಲಕ್ಷ. ಇಷ್ಟೊಂದು ಕಾರುಗಳು ಹುಟ್ಟಿದ ಮೇಲೆ ಅವು ಹಳತಾಗಲೇಬೇಕಲ್ಲ! ೧೯೩೦ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಗುಜರಿ ಅಂಗಳಗಳಲ್ಲಿ ಅವು ಕೈಗೆಟುಕುವ ಬೆಲೆಗೆ ಸಿಕ್ಕುತ್ತಿದ್ದವು. ಜೇಬಿನಲ್ಲಿ ಕಾಸಿಲ್ಲದ, ತಲೆಯಲ್ಲಿ ವೇಗದ ಹುಚ್ಚು ತುಂಬಿದ ಹುಡುಗರು ಅವನ್ನು ತಂದು, ಮಡ್‌ಗಾರ್ಡು ಕಿತ್ತು, ಬಾನೆಟ್ಟು ಕಿತ್ತು, ಭಾರವೆಂದು ಕಂಡದ್ದನ್ನೆಲ್ಲ ಕಿತ್ತೆಸೆದು, ಎಂಜಿನ್ನಿಗೆ ತಮಗೆ ತೋಚಿದಂತೆ ಶಕ್ತಿ ಏರಿಸಿ, ಲಾಸ್ ಏಂಜಲಿಸಿನಾಚೆಯ ಮರುಭೂಮಿಗೆ ಓಡಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಮುರೋಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ಕೆರೆಯೆಂದರೆ ನೀರಿಲ್ಲ, ಮೈಲಿಗಟ್ಟಲೆ ಸಪಾಟಾದ ಗಟ್ಟಿ ಮಣ್ಣು. ಯಾರ ಕಾರು ಗಂಟೆಗೆ ನೂರು ಮೈಲಿ ದಾಟುತ್ತದೆ ಎಂದು ಅಲ್ಲಿ ಗಡಿಯಾರ ಹಿಡಿದು ನೋಡುತ್ತಿದ್ದರು. ಈ ಓಟಗಳಿಗೊಂದು ಶಿಸ್ತು ಬರಲೆಂದು ೧೯೩೭ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದಾಗ ಅವರೊಡನೆ ಕೈಗೆಲಸವೂ ಬಂತು, ಕೈಯಲ್ಲಿ ಒಂದಷ್ಟು ಹಣವೂ ಬಂತು. ೧೯೪೮ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೇ ಹೊರಟಿತು. ಮರುವರ್ಷ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ದೇಶಮಟ್ಟದ ಓಟ ಆರಂಭವಾಯಿತು.

ಆಗಿನ ಹುಡುಗರಿಗೆ ಹಳೆಯ ಚಾಸಿ, ಹೊಸ ಚಾಸಿ ಎಂಬ ಪ್ರಶ್ನೆಯೇ ಇರಲಿಲ್ಲ. ಗುಜರಿಯಲ್ಲಿ ಏನು ಸಿಕ್ಕುತ್ತದೆಯೋ ಅದೇ ಗತಿ. ಪ್ರಶ್ನೆ ಹುಟ್ಟಿದ್ದು ಈಚೆಗೆ. ಗುಜರಿಯ ಮಾಲು ಮುಗಿಯುತ್ತ ಬಂತು. ಉಳಿದದ್ದು ತೊಂಬತ್ತು ವರ್ಷ ದಾಟಿತು. ಅದಕ್ಕೆ ಪುರಾತನ ವಸ್ತುವಿನ ಬೆಲೆ ಬಂತು. ಇನ್ನೊಂದು ಕಡೆ, ಅದೇ ಅಳತೆಯ ಹೊಸ ತೊಲೆಗಳನ್ನು ಹೊಸ ಉಕ್ಕಿನಲ್ಲಿ ಒತ್ತಿ ಮಾರುವ ಸಂಸ್ಥೆಗಳು ಹುಟ್ಟಿದವು. ಚಾಸಿಯೇನು, ಓಹೈಯೋ ರಾಜ್ಯದ ಬ್ರೂಕ್‌ವಿಲ್ಲಿನಲ್ಲಿ ಮಾಡೆಲ್ ಎ ಕಾರಿನ ಇಡೀ ಬಾಡಿಯನ್ನೇ ಹೊಸ ತಗಡಿನಲ್ಲಿ ಮಾಡಿಕೊಡುತ್ತಾರೆ. ಹಳೆಯ ಕಾಲದ ಒಂದೇ ಒಂದು ಬೋಲ್ಟಿಲ್ಲದೆ ಹಳೆಯ ಕಾರು ಕಟ್ಟಬಹುದು! ಹೀಗಿರುವಾಗ ತುಕ್ಕಿನ ತೊಲೆಯನ್ನು ಉಜ್ಜುತ್ತ ಕೂರುವುದೇಕೆ ಎಂದು ಒಬ್ಬ ಕೇಳುತ್ತಾನೆ. ಹೊಸ ಕೊಳವೆಯಿಂದ ಕಟ್ಟಿದ್ದು ಹಾಟ್ ರಾಡೇ ಅಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ಇಬ್ಬರಿಗೂ ಒಂದು ವಿಷಯ ಮರೆತುಹೋಗಿರುತ್ತದೆ. ಚಾಸಿಯ ಮೇಲೆ ಒಬ್ಬ ಮನುಷ್ಯ ಕೂತು ಹೋಗುವವನಿದ್ದಾನೆ.

ನನ್ನ ಸೋದರಳಿಯನ ವಿಷಯದಲ್ಲಿ ಒಬ್ಬನಲ್ಲ, ಇಬ್ಬರು. ಅವನ ಹನ್ನೊಂದು ವರ್ಷದ ಮಗಳು, “ಅಪ್ಪ, ಮೊದಲನೇ ಸವಾರಿ ನಾನೇ ಬರೋದು” ಎಂದು ಆಗಲೇ ಕರಾರು ಮಾಡಿಸಿಕೊಂಡಿದ್ದಾಳೆ.

ಆ ಚಾಸಿ ಅವನಿಗೆ ಸಿಕ್ಕಿದ್ದು ಪಕ್ಕದ ಮನೆಯ ಹಿರಿಯರೊಬ್ಬರಿಂದ. ಎಂಬತ್ತು ದಾಟಿದ ಅಮೆರಿಕನ್ ವೃದ್ಧರು. ಅವರ ಅಣ್ಣ ಯೌವನದಲ್ಲಿ, ೧೯೫೦ರ ಸುಮಾರಿಗೆ, ಎಲ್ ಮಿರಾಜಿನಲ್ಲಿ ಕಾರು ಓಡಿಸಿದವರು. ತೀರಿಹೋಗಿ ಬಹಳ ಕಾಲವಾಯಿತು. ಷೆಡ್ಡಿನ ಹಿಂದೆ ಹುಲ್ಲಿನಲ್ಲಿ ಬಿದ್ದಿದ್ದ ಈ ಚಾಸಿ ಅಣ್ಣನದು. “ನನ್ನ ಮಕ್ಕಳಿಗೆ ಇದು ಬೇಡ, ನೀನು ತಗೊ” ಎಂದು ಕೊಟ್ಟುಬಿಟ್ಟರು. ನಮ್ಮ ಹುಡುಗ ಅದನ್ನು ದೇವರ ಪೀಠದಂತೆ ಹೊತ್ತು ತಂದ. ಅಂಥ ವಸ್ತುವನ್ನು “ಎಸೆ” ಎಂದು ಹೇಳುವುದು ನನಗೆ ಸುಲಭವಾಗಿರಲಿಲ್ಲ. “ಇಟ್ಟುಕೋ” ಎಂದು ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾರಿಯಿಂದ ಸರಿಸೋಣ. “ಹಳೇ ಕಾಲದ ಕಬ್ಬಿಣ ಸ್ವಾಮಿ, ಈಗಿನದಲ್ಲ” ಎಂದು ಹೇಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಳೆಯದು ಹಳಸಿತು, ಹೊಸದೇ ಭದ್ರ ಎನ್ನುವವರೂ ಇದ್ದಾರೆ. ಯಂತ್ರಶಾಸ್ತ್ರ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಭಾರ ಬಿದ್ದಾಗ ಉಕ್ಕು ಎಷ್ಟು ಬಾಗುತ್ತದೆ ಎಂಬ ಗುಣ ೧೯೨೯ರ ಸಾದಾ ಉಕ್ಕಿಗೂ ಇಂದಿನ ಸಾದಾ ಉಕ್ಕಿಗೂ ಹೆಚ್ಚು ಕಡಿಮೆ ಒಂದೇ. ಸುಮ್ಮನೆ ಬಿದ್ದಿದ್ದ ಮಾತ್ರಕ್ಕೆ ಉಕ್ಕಿಗೆ ಮುಪ್ಪು ಬರುವುದಿಲ್ಲ. ಅದನ್ನು ಕೊಲ್ಲುವ ಶತ್ರುಗಳು ಬೇರೆ. ಒಂದು ತುಕ್ಕು. ಮೂರು ಮಿಲಿಮೀಟರು ದಪ್ಪದ ತೊಲೆಯಲ್ಲಿ ಒಂದು ಮಿಲಿಮೀಟರು ತುಕ್ಕಾಗಿ ಉದುರಿದರೆ ಮೂರರಲ್ಲಿ ಒಂದು ಪಾಲು ತೊಲೆಯೇ ಹೋದಂತೆ. ಇನ್ನೊಂದು ದಣಿವು. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಹೇಗೆ ತುಂಡಾಗುತ್ತದೆಯೋ ಹಾಗೆ, ಲಕ್ಷಾಂತರ ಕುಲುಕಾಟ ಕಂಡ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ. ಮೂರನೆಯ ಶತ್ರು ಮನುಷ್ಯ. ಇವನು ಡ್ರಿಲ್ಲು ಹಿಡಿದು ಬೇಕಾದಲ್ಲಿ ತೂತು ಕೊರೆದಿರುತ್ತಾನೆ. ಗ್ಯಾಸ್ ಕಟಿಂಗಿನಲ್ಲಿ ಅಡ್ಡತೊಲೆಯನ್ನು ಕಚ್ಚಿ ತೆಗೆದಿರುತ್ತಾನೆ. ಎರಡು ಮೂರು ತಲೆಮಾರು ಕೈಬದಲಾದ ಚಾಸಿಯಲ್ಲಿ ತುಕ್ಕಿಗಿಂತ ಇವನ ಹಾವಳಿಯೇ ಹೆಚ್ಚು.

ಆದುದರಿಂದ ನಾನು ಮೊದಲು ಬರೆದದ್ದು, “ನಿರ್ಧಾರ ಆಮೇಲೆ, ಮೊದಲು ಚಾಸಿಯನ್ನು ತೊಳೆ” ಎಂದು. ತೊಳೆ ಎಂದರೆ ನೀರಿನಲ್ಲಲ್ಲ. ಮರಳಿನಂಥ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಬಣ್ಣ, ತುಕ್ಕು, ಗ್ರೀಸು ಎಲ್ಲ ಹೋಗಿ ಬೂದು ಲೋಹ ಕಾಣುವಂತೆ ಮಾಡುವುದು. ಬಣ್ಣದ ಕೆಳಗಿನ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಅನುಮಾನವಿದ್ದಲ್ಲೆಲ್ಲ ಕೆಂಪು ದ್ರಾವಣ ಬಳಿದು, ಒರೆಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಕೆಂಪು ಮೆಲ್ಲನೆ ಹೊರಬಂದು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಸ್ಟೀರಿಂಗ್ ಪೆಟ್ಟಿಗೆ ಕೂರುವ ಜಾಗ, ಮುಂದಿನ ಮತ್ತು ಹಿಂದಿನ ಅಡ್ಡತೊಲೆಗಳು ರಿವೆಟ್ಟಿನಿಂದ ಸೇರುವ ಮೂಲೆಗಳು, ಎಂಜಿನ್ನು ಕೂರುವ ತೂತುಗಳು — ಇವನ್ನು ಬಿಡದೆ ನೋಡಬೇಕು. ರಿವೆಟ್ ಹೊಡೆದ ಎರಡು ಪದರಗಳ ನಡುವೆ ತುಕ್ಕು ಸೇರಿದರೆ ಅದು ಉಬ್ಬಿ ಪದರಗಳನ್ನೇ ಸೀಳುತ್ತದೆ.

ಇನ್ನು ಸೊಟ್ಟ. ನಾಲ್ಕು ಕಡೆ ಮಟ್ಟವಾಗಿ ಆಸರೆ ಕೊಟ್ಟು ಚಾಸಿಯನ್ನು ಇಟ್ಟು, ತೂಗುಗುಂಡಿನಿಂದ ನೆಲದ ಮೇಲೆ ಗುರುತು ಮಾಡಿ, ಮೂಲೆಯಿಂದ ಎದುರು ಮೂಲೆಗೆ ಕರ್ಣ ಅಳೆಯಬೇಕು. ಎರಡು ಕರ್ಣಗಳೂ ಸಮವಾದರೆ ಸರಿ. ಆಗದಿದ್ದರೆ ಎಂದೋ ಯಾವುದೋ ಮರಕ್ಕೆ ಅಥವಾ ಕಂಬಕ್ಕೆ ಅದು ನಮಸ್ಕಾರ ಮಾಡಿ ಬಂದಿದೆಯೆಂದು ತಿಳಿಯಬೇಕು. ಮನೆ ಕಟ್ಟುವ ಮೇಸ್ತ್ರಿ ಪಾಯ ಹಾಕುವಾಗ ಮಾಡುವುದೂ ಇದನ್ನೇ. ಇದಕ್ಕೆ ಬೇಕಾದದ್ದು ಒಂದು ಟೇಪು, ಒಂದು ದಾರ, ಒಂದು ಭಾನುವಾರ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಚಾಸಿ ಪಾಸಾಯಿತೆಂದೇ ಇಟ್ಟುಕೊಳ್ಳಿ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಏಕೆಂದರೆ ಮಾಡೆಲ್ ಎ ಕಾರಿನ ಚಾಸಿಯನ್ನು ಅದರ ಜನಕರು ಯಾವ ಕೆಲಸಕ್ಕಾಗಿ ಮಾಡಿದ್ದರು ಎಂದು ಕೇಳಿಕೊಳ್ಳಬೇಕು. ಆ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನಿನ ಶಕ್ತಿ ೪೦ ಅಶ್ವಶಕ್ತಿ. ವೇಗ ಬಹಳವೆಂದರೆ ಗಂಟೆಗೆ ೬೫ ಮೈಲಿ. ರಸ್ತೆಗಳೋ, ಹಳ್ಳಿಗಾಡಿನ ಮಣ್ಣಿನ ರಸ್ತೆಗಳು. ಅಂಥಲ್ಲಿ ಚಾಸಿ ಸ್ವಲ್ಪ ಬಳುಕಿದರೆ ತಪ್ಪಲ್ಲ. ಬಿದಿರಿನಂತೆ ಬಳುಕಿಯೇ ಅದು ಬದುಕಿತು. ನಮ್ಮ ಹುಡುಗ ಇಟ್ಟುಕೊಂಡಿರುವ ಎಂಜಿನ್ನು ಯಾವುದು? ಷೆವ್ರೊಲೆಟ್ಟಿನವರು ೧೯೫೫ರಲ್ಲಿ ಆರಂಭಿಸಿದ ವಿ-೮ ವಂಶದ ಒಂದು ಎಂಜಿನ್ನು, ೩೦೦ ಅಶ್ವಶಕ್ತಿ! ನಲವತ್ತು ಕುದುರೆಗೆ ಹೊಲಿದ ಜೀನನ್ನು ಮುನ್ನೂರು ಕುದುರೆಗೆ ಕಟ್ಟಹೊರಟ ಹಾಗಾಯಿತು.

ಅಷ್ಟು ಶಕ್ತಿ ಬಂದಾಗ ಚಾಸಿಗೆ ಏನಾಗುತ್ತದೆ ಎಂಬುದನ್ನು ತಾವು ಮನೆಯಲ್ಲೇ ನೋಡಬಹುದು. ಹಲ್ಲಿನ ಪೇಸ್ಟಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ತೆಗೆದುಕೊಳ್ಳಿ. ಎರಡು ತುದಿ ಹಿಡಿದು, ಒಗೆದ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಗಟ್ಟಿಯಾಗಿ ಎದುರಿಸುತ್ತದೆ. ಈಗ ಅದರ ಒಂದು ಅಂಚನ್ನು ಉದ್ದಕ್ಕೂ ಬ್ಲೇಡಿನಿಂದ ಸೀಳಿ, ಮತ್ತೆ ತಿರುಚಿ. ರಟ್ಟು ಅದೇ, ತೂಕ ಅದೇ. ಆದರೆ ಕೈಯಲ್ಲಿ ಚಿಂದಿಯಂತೆ ತಿರುಗಿಬಿಡುತ್ತದೆ. ಮಾಡೆಲ್ ಎ ಚಾಸಿಯ ತೊಲೆ ಸೀಳಿದ ಡಬ್ಬಿಯ ಜಾತಿಯದು. ಹೆಂಚಿನ ಸೂರಿನ ಕೆಳಗೆ ಮಳೆನೀರಿಗೆ ತಗಡಿನ ದೋಣಿ ಕಟ್ಟುತ್ತೇವಲ್ಲ, ಅದನ್ನು ಮಗ್ಗುಲಾಗಿ ಹೊರಳಿಸಿದರೆ ಹೇಗೋ ಹಾಗೆ: ಒಂದು ಬೆನ್ನು, ಮೇಲೊಂದು ತುಟಿ, ಕೆಳಗೊಂದು ತುಟಿ, ಒಳಗಡೆ ಬಯಲು. ಆ ಬಯಲಿಗೆ ಉದ್ದಕ್ಕೂ ಒಂದು ಪಟ್ಟಿಯಿಟ್ಟು ವೆಲ್ಡ್ ಮಾಡಿದರೆ ತೊಲೆ ಮುಚ್ಚಿದ ಡಬ್ಬಿಯಾಗುತ್ತದೆ. ನಾಲ್ಕು ಅಂಗುಲ ಎತ್ತರ, ಎರಡು ಅಂಗುಲ ಅಗಲ, ಅಂಗುಲದ ಎಂಟನೆಯ ಒಂದು ಪಾಲು ದಪ್ಪದ ತೊಲೆಗೆ ಲೆಕ್ಕ ಹಾಕಿ ನೋಡಿದೆ. ಮುಚ್ಚಿದ ತೊಲೆ ತಿರುಚುವಿಕೆಯನ್ನು ತಡೆಯುವ ಶಕ್ತಿ ತೆರೆದ ತೊಲೆಯದಕ್ಕಿಂತ ೪೦೦ ಪಟ್ಟಿಗೂ ಹೆಚ್ಚು. ಇದು ಒಂಟಿ ತೊಲೆಯ ಲೆಕ್ಕ, ಅಡ್ಡತೊಲೆಗಳು ಸೇರಿದ ಇಡೀ ಚಾಸಿಯದಲ್ಲ. ಆದರೂ ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಚಾಸಿ ತಿರುಚಿದರೆ ಮೊದಲು ಬಾಗಿಲು ದೂರುತ್ತದೆ. ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳಲೂಬಹುದು. ಮಾಡೆಲ್ ಎ ಬಾಡಿಯ ಒಳಗೆ ಮರದ ಕಟ್ಟು ಬೇರೆ ಇದೆ, ಅದು ಸಡಿಲವಾಗುತ್ತದೆ. ಆಮೇಲೆ ಸ್ಟೀರಿಂಗ್ ಪೆಟ್ಟಿಗೆಯ ಬುಡ ಅಲುಗುತ್ತದೆ. ಇದರ ಮೇಲೆ ಇನ್ನೊಂದು ಸಂಗತಿಯುಂಟು. ಹಳೆಯ ಫೋರ್ಡಿನಲ್ಲಿ ಮುಂದಿನ ಅಚ್ಚನ್ನು ಹಿಡಿದಿಡುವ ಎರಡು ಸರಳುಗಳು ಹಿಂದೆ ಬಂದು ಕಾರಿನ ನಟ್ಟನಡುವೆ ಒಂದೇ ಗುಂಡಿನಲ್ಲಿ ಕೂಡುತ್ತವೆ. ಆದ್ದರಿಂದ ಒಂದು ಚಕ್ರ ಹಳ್ಳಕ್ಕಿಳಿದರೂ ಅಚ್ಚು ಆ ಗುಂಡಿನ ಸುತ್ತ ಸಲೀಸಾಗಿ ಓರೆಯಾಗುತ್ತದೆ, ಚಾಸಿಗೆ ನೋವಿಲ್ಲ. ದೊಡ್ಡ ಎಂಜಿನ್ನು ಕೂರಿಸುವಾಗ ಆ ಗುಂಡಿಗೆ ಜಾಗವಿಲ್ಲದೆ ಸರಳುಗಳನ್ನು ಬೇರ್ಪಡಿಸಿ ಎರಡು ತೊಲೆಗಳ ಅಡಿಗೆ ಒಂದೊಂದರಂತೆ ತಗುಲಿಸುತ್ತಾರೆ. ಅಲ್ಲಿಂದ ಮುಂದೆ ರಸ್ತೆಯ ಪ್ರತಿಯೊಂದು ಹಳ್ಳವೂ ತೊಲೆಯನ್ನು ಹಿಡಿದು ತಿರುಚುತ್ತದೆ. ತೆರೆದ ತೊಲೆಗೆ ಇದು ಸಲ್ಲದು.

“ಹಾಗಾದರೆ ಪಟ್ಟಿಯಿಟ್ಟು ವೆಲ್ಡ್ ಮಾಡಿದರಾಯಿತಲ್ಲ, ಹಳೆಯದೂ ಉಳಿಯಿತು, ಗಟ್ಟಿಯೂ ಆಯಿತು?” ಎಂದು ತಾವು ಕೇಳಬಹುದು. ಬಹಳ ಮಂದಿ ಮಾಡುವುದೂ ಅದನ್ನೇ. ಸರಿಯಾಗಿ ಮಾಡಿದರೆ ಸರಿಯೇ. ಆದರೆ ವೆಲ್ಡಿಂಗಿನ ಬಿಸಿಗೆ ಉಕ್ಕು ಹಿಗ್ಗಿ, ಆರುವಾಗ ಕುಗ್ಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಹಾಕಿಕೊಂಡು ಹೋದರೆ ನೇರವಾಗಿದ್ದ ತೊಲೆ ಬಾಳೆಹಣ್ಣಿನಂತೆ ಬಾಗಿರುತ್ತದೆ. ಚಾಸಿಯನ್ನು ಗಟ್ಟಿ ಮೇಜಿಗೆ ಬಿಗಿದು, ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ, ಎಡಕ್ಕೊಂದು ಬಲಕ್ಕೊಂದು ಎಂದು ತಾಳ್ಮೆಯಿಂದ ಹಾಕಬೇಕು. ಇನ್ನು ತುಕ್ಕು ತಿಂದು ತೆಳುವಾದ ಲೋಹಕ್ಕೆ ವೆಲ್ಡಿಂಗ್ ನಿಲ್ಲುವುದೇ ಇಲ್ಲ. ಬಿರುಕಿನ ಮಾತಂತೂ ಬೇರೆಯೇ. ಬಿರುಕಿನ ಕೊನೆಯನ್ನು ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆದು ಅದರ ಓಟ ನಿಲ್ಲಿಸಬೇಕು. ಬಿರುಕನ್ನು ಆಳಕ್ಕೆ ಉಜ್ಜಿ ತೆಗೆದು ತುಂಬಬೇಕು. ಮೇಲೆ ಹಾಕುವ ತೇಪೆ ವಜ್ರಾಕಾರವಾಗಿ ಎರಡು ಕಡೆಗೂ ಮೊನಚಾಗಿರಬೇಕು. ತುಟಿಗೆ ಅಡ್ಡಲಾಗಿ ಒಂದು ಗೆರೆ ಎಳೆದಂತೆ ವೆಲ್ಡ್ ಮಾಡಬಾರದು. ಭಾರವೆಲ್ಲ ಹರಿಯುವುದೇ ಆ ತುಟಿಗಳಲ್ಲಿ.

ಈ ಕೊನೆಯ ಮಾತನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಪಾಠ ಹೇಳಲು ಸೇರಿದ ಹೊಸದರಲ್ಲಿ, ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಕಬ್ಬು ಸಾಗಿಸುವ ಲಾರಿಯೊಂದರ ಚಾಸಿ ಬಿರುಕು ಬಿಟ್ಟು ರಿಪೇರಿಗೆ ಬಂದಿತ್ತು. ಮೇಸ್ತ್ರಿ ಕೆಳತುಟಿಗೆ ಅಡ್ಡಲಾಗಿ ನೇರ ತೇಪೆ ಹಾಕಿ, ನೀಟಾಗಿ ಉಜ್ಜಿ, ಬಣ್ಣ ಬಳಿದಿದ್ದ. “ಮೇಷ್ಟ್ರೇ, ಒಂದು ಸಲ ನೋಡಿ ಹೇಳಿ” ಎಂದು ಲಾರಿಯವನು ನನ್ನನ್ನು ಕರೆದ. ನಾನು ಬಗ್ಗಿ ನೋಡಿ “ಚೆನ್ನಾಗಿದೆ” ಎಂದೆ. ವೆಲ್ಡಿಂಗ್ ಚೆನ್ನಾಗಿಯೇ ಇತ್ತು. ನಾಲ್ಕು ತಿಂಗಳ ಮೇಲೆ, ಭರ್ತಿ ಕಬ್ಬು ಹೊತ್ತಿದ್ದಾಗ, ಆ ತೇಪೆಗೆ ಒಂದು ಬೆರಳು ಪಕ್ಕದಲ್ಲಿ ತೊಲೆ ಮುರಿಯಿತು. ಕ್ಲೀನರ್ ಹುಡುಗನ ಕಾಲಿನ ಮೇಲೆ ಲಾರಿ ಮಗುಚಿತು. ಈಗ ಅವನಿಗೆ ಐವತ್ತು ದಾಟಿದೆ. ಪೇಟೆಯಲ್ಲಿ ಸಿಕ್ಕಾಗ ನಗುತ್ತ “ನಮಸ್ಕಾರ ಮೇಷ್ಟ್ರೇ” ಎನ್ನುತ್ತಾನೆ. ಅವನು ಕುಂಟುತ್ತ ಹೋಗುವುದನ್ನು ನಾನು ನಿಂತು ನೋಡುತ್ತೇನೆ. ಏಳು ಸಮುದ್ರದಾಚೆಯ ಚಾಸಿಯ ಚಿತ್ರ ನೋಡಿ “ಇಟ್ಟುಕೋ” ಎಂದುಬಿಡಲು ನನಗೆ ಏಕೆ ಧೈರ್ಯ ಬರಲಿಲ್ಲವೆಂದು ಈಗ ತಮಗೆ ತಿಳಿದಿರಬೇಕು.

ಹೊಸ ಉಕ್ಕಿನ ಪಕ್ಷವನ್ನು ಹೇಳುವುದು ಸುಲಭ, ಬೇಗ ಮುಗಿಸುತ್ತೇನೆ. ಎರಡು ಅಂಗುಲಕ್ಕೆ ನಾಲ್ಕು ಅಂಗುಲದ ಆಯಾಕಾರದ ಉಕ್ಕಿನ ಕೊಳವೆ ಅಂಗಡಿಯಲ್ಲಿ ಸಿಕ್ಕುತ್ತದೆ. ಅದು ಹುಟ್ಟಿನಿಂದಲೇ ಮುಚ್ಚಿದ ಡಬ್ಬಿ. ನೇರವಾಗಿದೆ, ಶುಭ್ರವಾಗಿದೆ, ಯಾರೂ ತೂತು ಕೊರೆದಿಲ್ಲ, ದಪ್ಪ ಎಷ್ಟೆಂದು ನಮಗೆ ಗೊತ್ತಿದೆ. ಹಳೆಯದನ್ನು ತೊಳೆದು, ಅಳೆದು, ತೇಪೆ ಹಾಕುವ ಸಮಯದಲ್ಲಿ ಹೊಸದೊಂದನ್ನು ಕಟ್ಟಿ ಮುಗಿಸಬಹುದು. ಆದರೆ ಹೊಸ ಉಕ್ಕೆಂದ ಮಾತ್ರಕ್ಕೆ ಭದ್ರವೆಂದೇನಲ್ಲ. ಕೆಟ್ಟ ಕೈಯಲ್ಲಿ ಹೊಸ ಉಕ್ಕೂ ಕೆಟ್ಟ ಚಾಸಿಯೇ. ಹಳೆಯದರಲ್ಲಿ ಅಡ್ಡತೊಲೆ ಎಲ್ಲಿರಬೇಕು, ಸ್ಪ್ರಿಂಗು ಎಲ್ಲಿ ಕೂರಬೇಕು ಎಂಬುದನ್ನು ಫೋರ್ಡಿನ ಎಂಜಿನಿಯರುಗಳು ನಿರ್ಧರಿಸಿದ್ದರು. ಹೊಸದರಲ್ಲಿ ಆ ಹೊಣೆಯೆಲ್ಲ ಕಟ್ಟುವವನ ತಲೆಯ ಮೇಲೆ.

ಹಳೆಯದರ ಪಕ್ಷದಲ್ಲಿ ಒಂದು ಬಲವಾದ ವಾದವಿದೆ. ಅದು ಭಾವನೆಯದಲ್ಲ, ಕಾಗದಪತ್ರದ್ದು. ಮಾಡೆಲ್ ಎ ಕಾರಿನ ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಯನ್ನೇ ಚಾಸಿಯ ಎಡ ತೊಲೆಯ ಮೇಲ್ಮೈಯಲ್ಲೂ, ಬಾಡಿಯ ಅಡಿಯಲ್ಲಿ ಮುಚ್ಚಿಹೋಗುವಂತೆ, ಒತ್ತಿರುತ್ತಾರೆ. ಎಂಜಿನ್ನು ಬದಲಾದ ಮೇಲೆ ಆ ಕಾರಿಗೆ ಹೆಸರೆಂದು ಉಳಿಯುವುದು ಈ ತೊಲೆಯ ಮೇಲಿನ ಸಂಖ್ಯೆಯೊಂದೇ. ಕಾಗದ ಸರಿಯಿದ್ದು ಸಂಖ್ಯೆ ತಾಳೆಯಾದರೆ ಸರ್ಕಾರದ ದೃಷ್ಟಿಯಲ್ಲಿ ಅದು ೧೯೨೯ರ ಫೋರ್ಡ್. ಚಾಸಿ ಬದಲಾಯಿಸಿದರೆ? ಕ್ಯಾಲಿಫೋರ್ನಿಯದಲ್ಲಿ ಅದು ‘ವಿಶೇಷವಾಗಿ ನಿರ್ಮಿಸಿದ ವಾಹನ’ ಎಂಬ ಬೇರೆ ಪಂಗಡಕ್ಕೆ ಸೇರಬೇಕಾದೀತು. ಅಂಥವುಗಳಲ್ಲಿ ವರ್ಷಕ್ಕೆ ೫೦೦ಕ್ಕೆ ಮಾತ್ರ, ನೋಡಲು ಯಾವ ವರ್ಷದ ಕಾರಿನಂತಿದೆಯೋ ಆ ವರ್ಷದ ಹೊಗೆ ನಿಯಮ ಅನ್ವಯಿಸುವ ಸವಲತ್ತನ್ನು ೨೦೦೧ರ ಒಂದು ಕಾನೂನು ಕೊಟ್ಟಿದೆ. ಆ ಸಾಲಿನಲ್ಲಿ ನಿಲ್ಲಲಾರದೆ ಕೆಲವರು ಹಳೆಯ ತೊಲೆಯಿಂದ ಸಂಖ್ಯೆಯಿರುವ ತುಂಡನ್ನಷ್ಟೇ ಕತ್ತರಿಸಿ ಹೊಸ ತೊಲೆಗೆ ಅಂಟಿಸುವುದುಂಟು. ಇದು ಅನೇಕ ರಾಜ್ಯಗಳಲ್ಲಿ ಅಪರಾಧ; ಕಾರನ್ನೇ ಜಫ್ತಿ ಮಾಡಿಯಾರು. “ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡ” ಎಂದು ನಾನು ಅಡಿಗೆರೆ ಎಳೆದು ಬರೆದೆ.

ಎಲ್ಲ ಹಳೆಯ ಚಾಸಿಗಳೂ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ೧೯೩೨ರಲ್ಲಿ ಫೋರ್ಡ್ ತನ್ನ ಮೊದಲ ವಿ-೮ ಎಂಜಿನ್ನನ್ನು, ೬೫ ಅಶ್ವಶಕ್ತಿಯದನ್ನು, ಹೊರತಂದಾಗ ಅದಕ್ಕೆಂದೇ ಹೊಸ ಚಾಸಿಯನ್ನೂ ಮಾಡಿತು. ಮಾಡೆಲ್ ಎ ಚಕ್ರಗಳ ನಡುವಿನ ದೂರ ೧೦೩½ ಅಂಗುಲವಿದ್ದರೆ ಇದರದು ೧೦೬. ತೊಲೆಯೂ ಹೆಚ್ಚು ಗಟ್ಟಿ. ಮಾಡೆಲ್ ಎ ತೊಲೆಯನ್ನು ಒಂದು ತಗಡು ಮುಚ್ಚಿಕೊಂಡಿರುತ್ತದೆ. ಇದರ ತೊಲೆ ಬಾಡಿಯ ಕೆಳಗೆ ಹೊರಕ್ಕೇ ಕಾಣುತ್ತದೆ, ಅದರ ಮೈಮೇಲೆ ಉದ್ದಕ್ಕೂ ಒಂದು ಅಂದವಾದ ಗೆರೆ ಒತ್ತಿದ್ದಾರೆ. ಮಡ್‌ಗಾರ್ಡು ಕಿತ್ತ ಮೇಲೆ ಆ ತೊಲೆಯೇ ಕಾರಿನ ಮುಖಲಕ್ಷಣ. ಅಂಥದ್ದು ಆ ಒಂದೇ ವರ್ಷ ಬಂದದ್ದು. ಸುಸ್ಥಿತಿಯಲ್ಲಿರುವ ೧೯೩೨ರ ಚಾಸಿ ಯಾರಿಗಾದರೂ ಸಿಕ್ಕಿದರೆ ಅದನ್ನು ಉಳಿಸಿಕೊಳ್ಳಬೇಕೆಂದೇ ನಾನು ಹೇಳುವುದು. ಒಂದು ವರ್ಷ ಹೆಚ್ಚು ದುಡಿದರೂ ಸರಿ. ಮಾಡೆಲ್ ಎ ಚಾಸಿಯ ಮೇಲೆ ಮುನ್ನೂರು ಅಶ್ವಶಕ್ತಿ ಹೇರುವವನು ಹೊಸ ಉಕ್ಕು ತರಲಿ. ಹಳೆಯ ಮಾಡೆಲ್ ಎ ಚಾಸಿಯೇ ಬೇಕೆಂಬ ಆಸೆ ಬಲವಾಗಿದ್ದರೆ ಎಂಜಿನ್ನನ್ನು ಚಿಕ್ಕದು ಮಾಡಿಕೊಳ್ಳಲಿ. ಎರಡನ್ನೂ ಹಿಡಿದುಕೊಳ್ಳುತ್ತೇನೆಂದರೆ ಆಗದು.

ಇಷ್ಟನ್ನು ಬರೆದು ಕಳುಹಿಸಿ, ಹುಡುಗನಿಗೆ ಬೇಸರವಾದೀತೆಂದು ಕಾದು ಕೂತೆ. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದು ರಾತ್ರಿ ಫೋನು ಮಾಡಿದ. ತೊಳೆದು ನೋಡಿದ್ದಾನೆ. ಸ್ಟೀರಿಂಗ್ ಪೆಟ್ಟಿಗೆಯ ಬಳಿ ಕೆಂಪು ಗೆರೆಗಳೆರಡು ಮೂಡಿದವಂತೆ. ಹಿಂದಿನ ಅಡ್ಡತೊಲೆಯನ್ನು ಯಾರೋ ಗ್ಯಾಸಿನಲ್ಲಿ ಕಚ್ಚಿದ್ದಾರಂತೆ. ಕರ್ಣದಲ್ಲಿ ಮುಕ್ಕಾಲು ಅಂಗುಲ ವ್ಯತ್ಯಾಸ. ಆದರೂ ಮನಸ್ಸು ಒಪ್ಪದೆ, ಪಕ್ಕದ ಮನೆಯ ಹಿರಿಯರಿಗೆ ಹೇಗೆ ಹೇಳುವುದೆಂದು ಸಂಕೋಚಪಟ್ಟು, ಕಡೆಗೆ ಅವರನ್ನೇ ಕರೆದು ತೋರಿಸಿದನಂತೆ. “ನಿಮ್ಮಣ್ಣನವರ ಎಲ್ ಮಿರಾಜ್ ಓಟದ ಚಾಸಿ ಇದು, ಇದನ್ನು ಬಿಡಲು ನನಗೆ ಮನಸ್ಸಿಲ್ಲ” ಎಂದನಂತೆ.

ಆ ವೃದ್ಧರು ಬಹಳ ಹೊತ್ತು ನಕ್ಕರಂತೆ. “ಓಟದ ಚಾಸಿ ಇದಲ್ಲಪ್ಪಾ! ಓಟದ ಕಾರಿಗೆ ನಮ್ಮಣ್ಣ ಗುಜರಿಯಿಂದ ೧೯೩೨ರ ಚಾಸಿ ತಂದು ಹಾಕಿದ. ಇದು ಕೈಲಾಗದ್ದು ಅಂತ ಬಿಚ್ಚಿ ಹಿತ್ತಲಿಗೆ ಎಸೆದದ್ದು. ಎಳೆಯೋದಕ್ಕೆ ನಾನೂ ಒಂದು ಕೈ ಹಿಡಿದಿದ್ದೆ, ಆಗ ನನಗೆ ಎಂಟು ವರ್ಷ” ಎಂದರಂತೆ.

ಆಗಿನ ಹುಡುಗರು ಮಾಡುತ್ತಿದ್ದುದೇ ಹಾಗೆ. ಮಾಡೆಲ್ ಎ ಬಾಡಿ ಹಗುರ, ೧೯೩೨ರ ಚಾಸಿ ಗಟ್ಟಿ. ಅದನ್ನಿದರ ಮೇಲೆ ಕೂರಿಸು, ಒಳಗೆ ವಿ-೮ ಇಳಿಸು. ಆ ಜೋಡಣೆ ಎಷ್ಟು ಪ್ರಸಿದ್ಧವಾಯಿತೆಂದರೆ ಈಗ ಅದಕ್ಕೇ ಹಳೆಯ ಸಂಪ್ರದಾಯವೆಂಬ ಗೌರವ ಸಂದಿದೆ. ಅಣ್ಣ ಎಪ್ಪತ್ತೈದು ವರ್ಷದ ಹಿಂದೆಯೇ ಕೊಟ್ಟಿದ್ದ ತೀರ್ಪಿಗೆ ನಾನು ಮೂರು ವಾರ ಲೆಕ್ಕ ಹಾಕಿದ್ದೆ!

ಇದರಿಂದ ಕಾಗದದ ವಿಷಯದಲ್ಲೂ ಒಂದು ಸಂಗತಿ ಹೊರಬಿತ್ತು. ಆ ಓಟದ ಕಾರು ಆಮೇಲೆ ಯಾರಿಗೋ ಮಾರಾಟವಾಯಿತಂತೆ, ಹಳೆಯ ಕಾಗದಗಳ ಸಮೇತ. ಹಾಗಾದರೆ ಈ ತೊಲೆಯ ಮೇಲಿನ ಸಂಖ್ಯೆ ಎಲ್ಲೋ ಇನ್ನೊಂದು ಕಾರಿನ ಹೆಸರಾಗಿ ಇನ್ನೂ ಜೀವಂತವಿರಬಹುದು. ಸಂಖ್ಯೆಗಾಗಿ ಚಾಸಿ ಉಳಿಸಿಕೊಳ್ಳುವ ಮಾತೂ ಅಲ್ಲಿಗೆ ನಿಂತಿತು.

ನಮ್ಮ ಹುಡುಗ ಹೊಸ ಉಕ್ಕಿನ ಕೊಳವೆ ತಂದಿದ್ದಾನೆ. ವೆಲ್ಡಿಂಗನ್ನು ತಾನೇ ಮಾಡುತ್ತೇನೆಂದು ಹೊರಟಿದ್ದವನು ಈಗ ತುಂಡುಗಳನ್ನು ಜೋಡಿಸಿ ಚುಕ್ಕಿ ಹಾಕುವುದಷ್ಟು ಮಾಡಿ, ಪೂರ್ತಿ ಕೆಲಸಕ್ಕೆ ಪರವಾನಗಿಯುಳ್ಳ ವೆಲ್ಡರೊಬ್ಬನನ್ನು ಗೊತ್ತು ಮಾಡಿದ್ದಾನೆ. ಹಳೆಯ ಚಾಸಿಯನ್ನು ಕತ್ತರಿಸಲಿಲ್ಲ, ಮಾರಲೂ ಇಲ್ಲ. ಎಣ್ಣೆ ಬಳಿದು ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿದ್ದಾನೆ. ಬಿರುಕು ರಿಪೇರಿ ಮಾಡಿಸಿ, ನಾಲ್ಕು ಸಿಲಿಂಡರಿನ ಎಂಜಿನ್ನೊಂದು ಹುಡುಕಿ, ಊರೊಳಗೆ ನಿಧಾನವಾಗಿ ಓಡಾಡುವ ಇನ್ನೊಂದು ಕಾರು ಕಟ್ಟಬೇಕೆಂದು ಅವನ ಯೋಚನೆ. ಅವನ ಹೆಂಡತಿ ಮೊನ್ನೆ ನನಗೆ ಫೋನು ಮಾಡಿ, “ಎರಡನೇ ಕಾರು ಎಲ್ಲಿ ನಿಲ್ಲಿಸೋದು, ನೀವೇ ಹೇಳಿ” ಎಂದು ಕೇಳಿದಳು. ಅದಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ.